ಸದ್ದು ಸಾಯುವ ದಿಕ್ಕು

ಪುಂತಾ ಅರೆನಾಸ್
11 ಮೇ 1987

ಪೂಜ್ಯ ಮಾವ ಬೆಲಾರ್ಮಿನೊ ಅವರಿಗೆ,

ನೋಲ್ಫಾ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅತ್ತೆಯ ಮಂಡಿನೋವು ಹೇಗಿದೆ?

ವಿಷಯ ಇಷ್ಟು. ಅನ್ಸೆಲ್ಮೊ ಕೆಲಸಕ್ಕಿರುವ ‘ಸಾಂತಾ ಎರ್ಸಿಲಿಯಾ’ ದೋಣಿ ಗ್ವಾಯ್ತೆಕಾಸ್ ದ್ವೀಪಗಳ ಕಡೆಗೆ ಚಿಪ್ಪಿ ತೆಗೆಯಲು ಹೋದದ್ದು ಇನ್ನೂ ಮರಳಿಲ್ಲ. ಬರಬೇಕಾದ ದಿನ ದಾಟಿದೆ. ದೋಣಿಯ ಯಜಮಾನರನ್ನು ಫೋನಿನಲ್ಲಿ ಕೇಳಿದೆ. ರೇಡಿಯೋ ಕೆಟ್ಟಿರಬೇಕು, ಯಾವುದೋ ಕೊಲ್ಲಿಯಲ್ಲಿ ಗಾಳಿ ಇಳಿಯಲಿ ಎಂದು ಕಾಯುತ್ತಾ ಕೂತಿರುತ್ತಾರೆ ಎಂದರು. ಇರಬಹುದು. ನಮ್ಮ ಮದುವೆಯಾದ ವರ್ಷವೂ ನನ್ನ ಗಂಡ ಹಾಗೆ ಎಲ್ಲೋ ಕೂತು, ಗಡ್ಡ ಬಿಟ್ಟುಕೊಂಡು ಬಂದಿದ್ದ.

ನೀವೇ ಕಟ್ಟಿದ ರೇಡಿಯೋ ದೋಣಿಗಳ ಮಾತನ್ನು ಹಿಡಿಯುತ್ತದೆ ಎಂದು ಅವನು ಹೇಳುತ್ತಿದ್ದ. ಮಧ್ಯಾಹ್ನ ಊಟದ ಮೇಲೆ ಚಿಪ್ಪಿ ಕೊಳ್ಳುವ ಹಡಗಿನವರು ಒಂದೊಂದೇ ದೋಣಿಯ ಹೆಸರು ಕರೆದು ಹಾಜರಿ ತೆಗೆದುಕೊಳ್ಳುತ್ತಾರಂತಲ್ಲ, ಆ ಹೊತ್ತಿಗೆ ಕಿವಿಗೊಟ್ಟು ಕೇಳಿ ನನಗೆ ಬರೆಯಿರಿ. ಇಲ್ಲಿಂದ ನನಗೆ ಕೇಳುವ ದಾರಿ ಇಲ್ಲ. ಲಿಂಕುಯ್‌ಗೂ ಒಂದು ಫೋನ್ ತಂತಿ ಬಂದಿದ್ದರೆ ಕಾಗದ ಬರೆಯುತ್ತಿರಲಿಲ್ಲ.

ಹಾಸ್ಟೆಲಿನ ಅಡುಗೆಮನೆಯ ಕೆಲಸ ಎಂದಿನಂತೆ ನಡೆದಿದೆ. ಹುಡುಗರು ಹೊಟ್ಟೆ ತುಂಬ ತಿನ್ನುತ್ತಾರೆ.

ನಿಮ್ಮ
ನೋಲ್ಫಾ


ಲಿಂಕುಯ್ ದ್ವೀಪ
20 ಮೇ 1987

ಪ್ರೀತಿಯ ಮಗಳು ನೋಲ್ಫಾಗೆ,

ನಿನ್ನ ಸೋದರಮಾವ ಬೆಲಾರ್ಮಿನೊ ಚಿಗ್ವಾಯ್, ಮೂರನೇ ತರಗತಿ ಪಾಸು, ಈ ದ್ವೀಪದ ಏಕೈಕ ರೇಡಿಯೋ ಇಂಜಿನಿಯರ್, ಮಾಡುವ ಆಶೀರ್ವಾದಗಳು. ನಾವೂ ಕ್ಷೇಮ, ಕುರಿಗಳೂ ಕ್ಷೇಮ. ನಿನ್ನ ಅತ್ತೆಯ ಮಂಡಿ ಈಗ ಮಳೆ ಬರುವ ಮುಂಚೆಯೇ ತಿಳಿಸುತ್ತದೆ. ಆಲೂಗಡ್ಡೆ ಅಗೆಯುವವರೆಲ್ಲ ಮೊದಲು ನಮ್ಮ ಮನೆಗೆ ಬಂದು ಮಂಡಿಯನ್ನು ವಿಚಾರಿಸಿಕೊಂಡು ಹೋಗುತ್ತಾರೆ.

ನಿನ್ನ ಕಾಗದ ದಡಕ್ಕೆ ಇಳಿದ ದಿನವೇ ಕೆಲಸಕ್ಕೆ ಕೂತೆ. ನನ್ನ ಯಂತ್ರದ ಬಗ್ಗೆ ಅನ್ಸೆಲ್ಮೊ ಹೇಳಿದ್ದು ಕಡಿಮೆಯೇ. ಸತ್ತುಹೋದ ಮೂರು ಟ್ರಾನ್ಸಿಸ್ಟರ್ ಸೆಟ್ಟುಗಳ ಕರುಳು ತೆಗೆದು ಒಂದಕ್ಕೆ ಪ್ರಾಣ ಕೊಟ್ಟವನು ನಾನು. ಒಡೆದ ಹಡಗಿನ ತಾಮ್ರದ ತಂತಿಯಲ್ಲಿ ಕಾಯಿಲ್ ಸುತ್ತಿದ್ದೇನೆ. ಕಾರಿನ ಬ್ಯಾಟರಿ ಹಾಕಿದರೆ ಅದು ದಕ್ಷಿಣದ ಕಾಲುವೆಗಳಲ್ಲಿ ಯಾವ ದೋಣಿ ಯಾರಿಗೆ ಏನು ಬೈದಿತು ಎಂದು ತಂದು ಒಪ್ಪಿಸುತ್ತದೆ. ಪಟ್ಟಣದಲ್ಲಿ ಡಿಪ್ಲೊಮಾ ಮಾಡಿ ಬಂದವನೊಬ್ಬ ಇದನ್ನು ನೋಡಿ ತಲೆ ಕೆರೆದುಕೊಂಡು ಹೋದ. ಅವನಿಗೆ ತಲೆಯಲ್ಲಿ ಹೇನಿತ್ತು ಎಂದು ನಿನ್ನ ಅತ್ತೆ ವಾದಿಸುತ್ತಾಳೆ, ಅದು ಬೇರೆ ಮಾತು.

ಹಾಜರಿ ಸಿಕ್ಕಿತು. ಕರೆಯುವವನ ದನಿ ಗಟ್ಟಿ. ಹತ್ತಿರದ ದೋಣಿಗಳ ಉತ್ತರವೂ ಸಿಕ್ಕಿತು. ದಕ್ಷಿಣದ ದೋಣಿಗಳ ಸರದಿ ಬಂದಾಗ ಮೊದಲು ‘ಪೋರ್ಫಿಯಾದಾ’ ಎಂದ, ಆಮೇಲೆ ‘ಸಾಂತಾ ಎರ್ಸಿಲಿಯಾ’, ಆಮೇಲೆ ‘ಸಾನ್ ತೆಲ್ಮೊ’. ಹೆಸರು ಕರೆದಿದ್ದಾರೆ ಮಗಳೇ, ಅದನ್ನು ಗಮನಿಸು. ಉತ್ತರ ಬಂತೋ ಇಲ್ಲವೋ ಮಾತ್ರ ನನಗೆ ತಿಳಿಯಲಿಲ್ಲ. ಆ ಮೂರೂ ದೋಣಿಗಳು ದೂರದವು, ದನಿ ಸಣ್ಣದು. ಅದರ ಮೇಲೆ ಒಂದು ದರಿದ್ರ ಸದ್ದು ಬಂದು ಕೂತಿದೆ. ಟಕ್ ಟಕ್ ಎಂದು ಬಡಿಯುತ್ತದೆ, ಅದರ ಹಿಂದೆ ಹಂದಿಕೊಬ್ಬು ಕಾಯಿಸಿದಂತೆ ಕರಕರ ಎನ್ನುತ್ತದೆ. ಮೂರು ದೋಣಿಗಳ ಉತ್ತರವನ್ನೂ ಅದೇ ನುಂಗಿತು.

ಕಳ್ಳನನ್ನು ಹುಡುಕುವವನು ಮೊದಲು ತನ್ನ ಮನೆಯನ್ನು ಜಾಲಾಡಬೇಕು. ಬ್ಯಾಟರಿ ದೀಪ ಆರಿಸಿದೆ, ನಿನ್ನ ಅತ್ತೆಯ ಹೊಲಿಗೆ ಯಂತ್ರ ನಿಲ್ಲಿಸಿದೆ, ಬೆಕ್ಕನ್ನೂ ಹೊರಗೆ ಹಾಕಿದೆ. ಸದ್ದು ಹಾಗೇ ಇತ್ತು. ನಮ್ಮ ಮನೆ ಶುದ್ಧ. ಹೊಲಿಗೆ ಯಂತ್ರ ಕಾಲಲ್ಲಿ ತುಳಿಯುವಂಥದ್ದು, ಅದಕ್ಕೂ ಕರೆಂಟಿಗೂ ಏನು ಸಂಬಂಧ ಎಂದು ಅವಳು ಜಗಳಕ್ಕೆ ಬಂದಳು. ಆಮೇಲೆ, “ಇಡೀ ಸಮುದ್ರ ಕೇಳ್ಸುತ್ತೆ ನಿಮ್ ಡಬ್ಬೀಲಿ. ಊಟಕ್ಕೆ ಕರೆದಿದ್ದು ಮಾತ್ರ ಕೇಳ್ಸಲ್ಲ” ಎಂದಳು.

ಟಕ್ ಟಕ್ ಎನ್ನುವುದು ಯಾವುದೆಂದು ನನಗೆ ಅನುಮಾನವಿದೆ. ಹಿಡಿದು ಬರೆಯುತ್ತೇನೆ. ನೀನು ಚಿಂತೆ ಹಚ್ಚಿಕೊಳ್ಳಬೇಡ. ಸದ್ದು ಹೋದ ದಿನ ಅವನ ದನಿ ಬಂದೇ ಬರುತ್ತದೆ.

ಬೆಲಾರ್ಮಿನೊ


ಪುಂತಾ ಅರೆನಾಸ್
30 ಮೇ 1987

ಪೂಜ್ಯ ಮಾವ,

ಕಾಗದ ತಲುಪಿತು. ಹೆಸರು ಕರೆದರೆಂದು ಓದಿದೆ. ಎರಡು ಸಲ ಓದಿದೆ.

ಇಲ್ಲಿ, ದಕ್ಷಿಣದ ತುದಿಯಲ್ಲಿ, ಹಿಮ ಬೀಳಲು ಶುರುವಾಗಿದೆ. ನೀರಿನ ಕೊಳವೆಗಳಿಗೆ ಗೋಣಿ ಸುತ್ತಿಸಿದೆವು. ನನ್ನ ಜೊತೆ ಕೆಲಸ ಮಾಡುವ ಹೆಂಗಸು ನೀನು ಯಾಕೆ ಅಳುವುದಿಲ್ಲ ಎಂದು ಕೇಳಿದಳು. ಅಳುವಂಥದ್ದು ಏನಾಗಿದೆ ಎಂದು ನಾನು ಕೇಳಿದೆ. ಅವಳು ಕ್ಯಾರೆಟ್ ಹೆಚ್ಚಲು ಹೋದಳು.

ಸದ್ದು ನಿಂತಿತೇ?

ನೋಲ್ಫಾ


ಲಿಂಕುಯ್
8 ಜೂನ್ 1987

ಪ್ರೀತಿಯ ನೋಲ್ಫಾಗೆ, ಮಾವನ ಆಶೀರ್ವಾದ. ಕ್ಷೇಮ.

ಮೊದಲನೆಯ ಕಳ್ಳ ಸಿಕ್ಕಿಬಿದ್ದ. ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ, ನನ್ನಂಥವನ ಕೆಲಸ ಕ್ರಮವಾಗಿಯೇ ಇರುತ್ತದೆ.

ಟಕ್ ಟಕ್ ಎನ್ನುತ್ತಿದ್ದುದು ದೋನ್ ಅರ್ತೆಮಿಯೊನ ಕುರಿಬೇಲಿ. ಅವನು ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆ ತಂದಿದ್ದಾನಲ್ಲ, ತಂತಿಗೆ ಮುಳ್ಳುಬಳ್ಳಿ ಹಬ್ಬಿಕೊಂಡು ಪ್ರತಿ ಬಡಿತಕ್ಕೂ ಅಲ್ಲಿ ಕಿಡಿ ಹಾರುತ್ತಿತ್ತು. ಆ ಕಿಡಿ ಕಣ್ಣಿಗೆ ಸಾಸಿವೆಯಷ್ಟು, ರೇಡಿಯೋಗೆ ಮಾತ್ರ ಸಿಡಿಲು. ನಾನು ಸಣ್ಣ ಸೆಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬೇಲಿಯುದ್ದಕ್ಕೂ ನಡೆದೆ. ನನ್ನ ಕುರಿಗಳಿಗೆ ಹಾಡು ಕೇಳಿಸುತ್ತಿದ್ದೀಯೇನೋ ಎಂದು ಅರ್ತೆಮಿಯೊ ಗೇಟಿನಲ್ಲಿ ನಿಂತು ನಕ್ಕ. ಯಾಕೆಂದು ಹೇಳಿದ ಮೇಲೆ ನಗಲಿಲ್ಲ. ಕತ್ತಿ ತಂದು ತಾನೇ ಬಳ್ಳಿ ಕಡಿದ. ಬಡಿತ ನಿಂತಿತು.

ಒಂದು ಸದ್ದಿನ ಕೆಳಗೆ ಇನ್ನೊಂದು ಅವಿತುಕೊಂಡಿರುತ್ತದೆ. ಕರಕರ ಉಳಿಯಿತು. ಅದು ಸಮುದ್ರದಂತೆ ಏರುತ್ತದೆ, ಇಳಿಯುತ್ತದೆ. ಇಂಥ ಸದ್ದಿನ ಹಿಂದೆ ಸುಮ್ಮನೆ ನಡೆದರೆ ಆಗುವುದಿಲ್ಲ, ತಂತಿಯೇನಾದರೂ ಹಾದುಹೋಗಿದ್ದರೆ ಅದರುದ್ದಕ್ಕೂ ಒಂದೇ ಸಮ ಕೇಳುತ್ತದೆ. ಅದಕ್ಕೆ ನಾನು ಕಿಟಕಿ ಚೌಕಟ್ಟಿನಷ್ಟು ಮರದ ಚೌಕ ಮಾಡಿ, ಸುತ್ತ ತಂತಿ ಸುತ್ತಿ, ರೇಡಿಯೋಗೆ ಸಿಕ್ಕಿಸಿದೆ. ಅದನ್ನು ಹಿಡಿದು ನಿಂತಲ್ಲೇ ತಿರುಗಬೇಕು. ತಿಳಿಯದವರು ಸದ್ದು ಜೋರಾಗುವ ದಿಕ್ಕನ್ನು ನೋಡುತ್ತಾರೆ. ತಪ್ಪು. ಜೋರು ಎಲ್ಲ ಕಡೆಯೂ ಜೋರೇ. ನೋಡಬೇಕಾದದ್ದು ಸದ್ದು ಸಾಯುವ ದಿಕ್ಕನ್ನು. ಚೌಕದ ಮುಖ ಕಳ್ಳನಿಗೆ ಎದುರಾದ ಕ್ಷಣ ಸದ್ದು ಸಾಯುತ್ತದೆ. ಆ ಕಡೆಗೆ ಒಂದು ಗೆರೆ ಎಳೆ. ಬೇರೆ ಜಾಗಕ್ಕೆ ಹೋಗಿ ಇನ್ನೊಂದು ಗೆರೆ ಎಳೆ. ಎರಡೂ ಕೂಡಿದಲ್ಲಿ ಕಳ್ಳನಿರುತ್ತಾನೆ.

ನಮ್ಮ ಗುಡ್ಡದಿಂದ ಒಂದು ಗೆರೆ ಎಳೆದೆ. ಮರುವಾರ ಇಗರ್ಜಿಯ ಮೂಲೆಯಿಂದ ಇನ್ನೊಂದು. ಮನೆಗೆ ಬಂದು ಕೊಲ್ಲಿಯ ನಕ್ಷೆಯ ಮೇಲೆ ಕೂಡಿಸಿದರೆ ಎರಡೂ ಗೆರೆ ಸೇರಿದ್ದು ನಡುಸಮುದ್ರದಲ್ಲಿ. ಅಲ್ಲಿ ಬಂಡೆಯೂ ಇಲ್ಲ. ನಿನ್ನ ಅತ್ತೆ ನಕ್ಷೆಯನ್ನು ನೋಡಿ, “ಪಾಪ, ಮೀನು ರೇಡಿಯೋ ಹಾಕ್ಕೊಂಡಿರ್ಬೇಕು” ಎಂದಳು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ನನ್ನ ಗೆರೆ ತಪ್ಪುವುದೆಂದರೇನು?

ಗೆರೆ ತಪ್ಪಿರಲಿಲ್ಲ. ತಪ್ಪಿದ್ದು ಮನೆ. ಆ ಎರಡು ಗೆರೆಗಳ ನಡುವಿನ ವಾರದಲ್ಲಿ ದೋನ್ಯಾ ಕ್ಲೋರಿಂದಾ ನೌತೊ ಮನೆ ಸಾಗಿಸಿದಳು. ಅಕ್ಕಪಕ್ಕದವರೊಡನೆ ಮಾತು ಕೆಟ್ಟು, ಇಗರ್ಜಿಯ ಹತ್ತಿರ ಹೋಗಬೇಕೆಂದು ಹಟ ಹಿಡಿದಿದ್ದಳು. ಊರೆಲ್ಲ ಮಿಂಗಾಕ್ಕೆ, ಕೂಲಿಯಿಲ್ಲದ ಕೂಡುಗೆಲಸಕ್ಕೆ, ಸೇರಿದೆವು, ಎತ್ತಿನ ಜೋಡಿಗಳನ್ನು ಕಟ್ಟಿ, ದಿಮ್ಮಿ ಹಾಸಿ, ಆ ಮರದ ಮನೆಯನ್ನು ಇಡಿಯಾಗಿ ದಡದಗುಂಟ ಎಳೆದು ಆ ಕಡೆ ನಿಲ್ಲಿಸಿದೆವು. ಎಳೆಯಿರೋ ಎಂದು ಕೂಗು ಹಾಕಿದವನೇ ನಾನು. ನನ್ನ ಕೂಗಿಲ್ಲದಿದ್ದರೆ ಅದು ಇನ್ನೂ ಕೆಸರಿನಲ್ಲೇ ಕೂತಿರುತ್ತಿತ್ತು. ಕಳ್ಳನನ್ನು ನನ್ನ ಕೈಯಾರೆ ಎಳೆದು ಬೇರೆ ಕಡೆ ಇಟ್ಟು, ಆಮೇಲೆ ಕಳ್ಳ ಎಲ್ಲಿ ಎಂದು ನಕ್ಷೆ ನೋಡುತ್ತಾ ಕೂತಿದ್ದೆ. ಆ ವಾರ ಇಡೀ ಕೊಲ್ಲಿಯಲ್ಲಿ ಜಾಗ ಬದಲಿಸಿದ್ದು ಅದೊಂದೇ. ಮೊದಲ ಗೆರೆ ಹಳೇ ಜಾಗಕ್ಕೆ ಸರಿ, ಎರಡನೆಯದು ಹೊಸ ಜಾಗಕ್ಕೆ ಸರಿ.

ಅವಳ ಚಾವಣಿಯ ಮೇಲೆ ಗಾಳಿಗೆ ತಿರುಗುವ ಲಾರಿ ಡೈನಮೊ ಇದೆ, ಟೀವಿಯ ಬ್ಯಾಟರಿ ತುಂಬಲು. ಅದೇ. ನಾಳೆ ಏಣಿ ಹೊತ್ತುಕೊಂಡು ಹೋಗುತ್ತೇನೆ.

ಇಗರ್ಜಿಯಲ್ಲಿ ಪ್ರಾರ್ಥನೆ ನಡೆಸುವ ದೋನ್ ಸೆಗುಂದೊ ಬಂದಿದ್ದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದು, ತೀರಿಹೋದವರಿಗೆ ಮಾಡುವ ಒಂಬತ್ತು ದಿನದ ಪ್ರಾರ್ಥನೆಗೆ ಏನಾದರೂ ಯೋಚನೆ ಇದೆಯೇ, ಅನ್ಸೆಲ್ಮೊನ ಹೆಂಡತಿ ಏನು ಬರೆದಿದ್ದಾಳೆ ಎಂದು ಕೇಳಿದ. ಹೆಂಡತಿ ಹೇಳದೆ ಅವನು ಶುರುಮಾಡುವಂತಿಲ್ಲ. ನಾನು, “ಸದ್ದು ಇನ್ನೂ ಹೋಗಿಲ್ಲ ಕಣಯ್ಯಾ. ಹೋಗ್ಲಿ ತಡಿ” ಎಂದು ಕಳಿಸಿದೆ.

ಮಾವ


ಪುಂತಾ ಅರೆನಾಸ್
19 ಜೂನ್ 1987

ಮಾವ,

ಮನೆ ಎಳೆದದ್ದನ್ನು ಓದಿ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿದೆ. ಇಲ್ಲಿಯವರು ನಂಬುವುದಿಲ್ಲ. ಮನೆ ಎಂದರೆ ಒಳಗಿನ ಸಾಮಾನೇ ಎಂದು ಕೇಳಿದರು. ಮನೆ ಎಂದರೆ ಮನೆಯೇ, ಒಲೆಯಲ್ಲಿ ಬೆಂಕಿಯೂ ಉರಿಯುತ್ತಿರುತ್ತದೆ ಎಂದೆ. ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಬಂದರು ಕಚೇರಿಯಿಂದ ಒಬ್ಬರು ಬಂದಿದ್ದರು. ವಿಶೇಷವೇನಿಲ್ಲ.

ದೋನ್ ಸೆಗುಂದೊಗೆ ನೀವು ಹೇಳಿದ್ದು ಸರಿ. ಡೈನಮೊ ಏನಾಯಿತು? ಸದ್ದು ನಿಂತಿತೇ?

ನೋಲ್ಫಾ


ಲಿಂಕುಯ್
29 ಜೂನ್ 1987

ಪ್ರೀತಿಯ ಮಗಳಿಗೆ ಆಶೀರ್ವಾದ.

ಡೈನಮೊ ಕೆಲಸ ಮುಗಿಸಿದೆ. ಕ್ಲೋರಿಂದಾ ಏಣಿಯನ್ನು ಹಿಡಿದುಕೊಂಡು, ಬಿದ್ದರೆ ನನ್ನ ಹೂಗಿಡದ ಮೇಲೆ ಬೀಳಬೇಡ ಎಂದು ಬುದ್ಧಿ ಹೇಳುತ್ತಿದ್ದಳು. ಒಳಗಿನ ಇಂಗಾಲದ ತುಂಡುಗಳು ಸವೆದು ಹಲ್ಲುದುರಿದ ಮುದುಕನ ಬಾಯಿಯಂತಾಗಿದ್ದವು, ತಿರುಗಿದಾಗಲೆಲ್ಲ ಕಿಡಿ. ಉಜ್ಜಿ ಸರಿಮಾಡಿ, ಕಿಡಿಯನ್ನು ನುಂಗಲಿ ಎಂದು ಎರಡೂ ತುದಿಗೆ ಸೇರಿಸಿ ಒಂದು ಕಂಡೆನ್ಸರ್ ಕೂರಿಸಿದೆ. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ನನ್ನ ತಲೆಯಿಂದಲೇ ಬಂದದ್ದು. ಪುಸ್ತಕದಲ್ಲೂ ಹಾಗೇ ಇದ್ದರೆ ಅವರು ನನ್ನಿಂದ ಕದ್ದಿರಬೇಕು.

ನನ್ನ ಯಂತ್ರದ ಕಿವಿ ಎಂಥದ್ದು ಎಂದು ನಿನಗೆ ಹೇಳದೆ ಇರಲಾರೆ. ಹಾಜರಿಯಲ್ಲಿ ‘ಪೋರ್ಫಿಯಾದಾ’ ದೋಣಿಯ ಅಡುಗೆಯವನು ಹಾಜರ್ ಎಂದವನೇ ಈರುಳ್ಳಿ ಮುಗಿದಿದೆ, ಒಂದು ಚೀಲ ಕಳಿಸಿ ಎಂದು ಗೋಗರೆದ. ಕೊಳೆತದ್ದಾದರೂ ಆದೀತು ಎಂದ. ‘ಸಾನ್ ತೆಲ್ಮೊ’ದವನು ಉತ್ತರ ಕೊಡುವ ಮುಂಚೆ ಕೆಮ್ಮಿದ. ಆ ಕಫ ಎದೆಯ ಎಡಗಡೆಯದೋ ಬಲಗಡೆಯದೋ ಎಂದು ನಾನು ಇಲ್ಲಿಂದ ಹೇಳಬಲ್ಲೆ. ಇಡೀ ದ್ವೀಪಸಮೂಹದಲ್ಲಿ ಇಂಥ ಸೆಟ್ಟು ಇನ್ನೊಂದಿದ್ದರೆ ತೋರಿಸಲಿ.

ಆದರೆ ಸದ್ದು ಇನ್ನೂ ಇದೆ. ಈಗಲೂ ಹಾಜರಿಯ ಹೊತ್ತಿಗೆ ಕರಕರ ಎನ್ನುತ್ತದೆ. ಹೀಗಾಗಿ ‘ಸಾಂತಾ ಎರ್ಸಿಲಿಯಾ’ದ ವಿಷಯ ಏನೂ ಹೇಳಲಾಗದು. ಇನ್ನೊಬ್ಬ ಕಳ್ಳನಿರಬೇಕು. ಶಾಲೆಯ ಕಡೆ ನೋಡಬೇಕೆಂದಿದ್ದೇನೆ. ಸಮಯ ಹಿಡಿಯುತ್ತದೆ. ಚಳಿಗಾಲ ಪೂರ್ತಿ ಹಿಡಿದರೂ ಹಿಡಿದೀತು. ನೀನು ಸಮಾಧಾನವಾಗಿರು.

ನಿನ್ನ ಅತ್ತೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಯಾರಿಗೆ ಎಂದು ಕೇಳಲಿಲ್ಲ.

ಮಾವ


ಪುಂತಾ ಅರೆನಾಸ್
9 ಜುಲೈ 1987

ಮಾವ,

ನಿಮ್ಮ ಕಾಗದವನ್ನು ಆಲೂಗಡ್ಡೆ ಸುಲಿಯುವ ಮೇಜಿನ ಮೇಲೆ ಇಟ್ಟುಕೊಂಡು ಓದಿದೆ. ಈರುಳ್ಳಿಯ ಮಾತು ಹುಡುಗರಿಗೂ ಹೇಳುವಂತಿದೆ.

ಹಾಜರಿಯಲ್ಲಿ ಮೂರು ಹೆಸರು ಒಂದರ ಹಿಂದೆ ಒಂದು ಬರುತ್ತವೆ. ನೀವೇ ಬರೆದಿದ್ದೀರಿ. ಅನ್ಸೆಲ್ಮೊ ಕೂಡ ಆ ಹೆಸರುಗಳಿಗೆ ನಗುತ್ತಿದ್ದ, ಒಂದು ಕಡೆ ‘ಪೋರ್ಫಿಯಾದಾ’ ಎಂಬ ಹಟಮಾರಿ, ಇನ್ನೊಂದು ಕಡೆ ತೆಲ್ಮೊ ಎಂಬ ಸಂತ, ನಡುವೆ ನಾವು ಸಿಕ್ಕಿಕೊಂಡಿದ್ದೇವೆ ಎಂದು. ‘ಪೋರ್ಫಿಯಾದಾ’ದ ಈರುಳ್ಳಿ ನಿಮಗೆ ಕೇಳಿತು. ‘ಸಾನ್ ತೆಲ್ಮೊ’ದ ಕೆಮ್ಮು ಕೇಳಿತು. ಅವೆರಡರ ನಡುವೆ ಒಂದೇ ಹೆಸರಿಗೆ ಬಂದು, ಆಮೇಲೆ ಎದ್ದುಹೋಗುವ ಸದ್ದು ಯಾವುದು ಮಾವ?

ನಾನು ರೇಡಿಯೋ ಕಟ್ಟಿದವಳಲ್ಲ. ನೀವು ಕಲಿಸಿದಷ್ಟನ್ನೇ ಕೇಳುತ್ತಿದ್ದೇನೆ.

ನಾನೂ ಒಂದು ಹೇಳಿಲ್ಲ. ಬಂದರು ಕಚೇರಿಯವರು ಬಂದದ್ದು ಹುಡುಕಾಟ ನಿಲ್ಲಿಸಿದ್ದೇವೆ ಎಂದು ತಿಳಿಸಲು. ಹಲಗೆ ಸಿಕ್ಕಿದೆಯಂತೆ, ದೋಣಿಯ ಬಣ್ಣದ್ದು. ಅವರಿಗೆ ಚಹಾ ಮಾಡಿಕೊಟ್ಟೆ. ಸಕ್ಕರೆ ಎಷ್ಟು ಎಂದು ಕೇಳಿದೆ. ಅವರು ಹೋದ ಮೇಲೆ ಲೋಟ ತೊಳೆದಿಟ್ಟೆ. ನಿಮಗೆ ಬರೆಯಲಿಲ್ಲ, ಯಾಕೆಂದರೆ ನೀವು ಇನ್ನೂ ಡೈನಮೊ ಹಿಂದೆ ಇದ್ದಿರಿ. ನಿಮ್ಮ ಕಾಗದ ಬಂದಾಗಲೆಲ್ಲ ಸದ್ದು ಇನ್ನೂ ಇದೆ ಎಂದು ಓದಿ ಮಲಗುತ್ತಿದ್ದೆ. ನಿದ್ದೆ ಬರುತ್ತಿತ್ತು.

ಏನು ಕೇಳಿದಿರೋ ಅಷ್ಟನ್ನು ಬರೆಯಿರಿ.

ನೋಲ್ಫಾ


ಲಿಂಕುಯ್
20 ಜುಲೈ 1987

ನೋಲ್ಫಾ,

ಸದ್ದು ಡೈನಮೊದ್ದೇ. ಬೇರೆ ಕಳ್ಳನಿರಲಿಲ್ಲ.

ಕಂಡೆನ್ಸರ್ ಕೂರಿಸಿದ ದಿನವೇ ಎಲ್ಲ ತಿಳಿಯಾಯಿತು. ಅಷ್ಟು ತಿಳಿಯಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಿನ್ನ ಅತ್ತೆಯನ್ನು ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ‘ಪೋರ್ಫಿಯಾದಾ’ ಆಯಿತು, ಈರುಳ್ಳಿ ಆಯಿತು. ಆಮೇಲೆ ‘ಸಾಂತಾ ಎರ್ಸಿಲಿಯಾ’ ಎಂದ. ಕಾದ. ಇನ್ನೊಮ್ಮೆ ಕರೆದ. ಕಾದ. ಮೂರನೇ ಸಲ ದನಿ ತಗ್ಗಿಸಿ ಕರೆದ. ಆ ಕಾಯುವಿಕೆಯಲ್ಲಿ ಏನೂ ಇರಲಿಲ್ಲ. ನನ್ನ ಯಂತ್ರಕ್ಕೆ ಕೇಳಿಸದೆ ಹೋದದ್ದಲ್ಲ ಅದು. ಕೇಳಲು ಏನೂ ಇರಲಿಲ್ಲ. ಆಮೇಲೆ ಮುಂದಿನ ಹೆಸರಿಗೆ ಹೋದ.

ನಾಳೆ ಬಂದೀತು ಎಂದು ಕೂತೆ. ನಾಳೆಯೂ ಹಾಗೇ. ಹಾಗೆ ಕೆಲವು ದಿನ. ಒಂದು ದಿನ ಕರೆಯುವವನು ‘ಪೋರ್ಫಿಯಾದಾ’ದಿಂದ ನೇರವಾಗಿ ‘ಸಾನ್ ತೆಲ್ಮೊ’ಕ್ಕೆ ಹೋದ. ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ನಿಲ್ಲಲಿಲ್ಲ. ನಿನ್ನ ಅತ್ತೆ ನನ್ನ ಮುಖ ನೋಡಿದಳು. ನಾನು ಗುಬುಟು ತಿರುಗಿಸಿ ಆರಿಸಿದೆ.

ಆಮೇಲೆ ಏಣಿ ತೆಗೆದುಕೊಂಡು ಕ್ಲೋರಿಂದಾ ಮನೆಗೆ ಹೋಗಿ ಕಂಡೆನ್ಸರ್ ಕಿತ್ತು ತಂದೆ.

ಅವಳು ಕೆಳಗೆ ನಿಂತು, “ಸರಿಮಾಡಿದ್ದನ್ನ ಯಾಕೋ ಕೆಡಿಸ್ತೀಯಾ ಬೆಲಾರ್ಮಿನೊ?” ಎಂದಳು. ನಾನು ಕಿತ್ತದ್ದನ್ನು ಜೇಬಿಗೆ ಹಾಕಿಕೊಂಡೆ. ಅವಳು ಏಣಿಯನ್ನು ಹಿಡಿದುಕೊಂಡೇ ಇದ್ದಳು. ಇಳಿದ ಮೇಲೆ ಒಳಗೆ ಕರೆದು ಒಂದು ಲೋಟ ಸೇಬಿನ ಹೆಂಡ, ಚಿಚಾ, ಕೊಟ್ಟಳು. ಅವಳ ಗಂಡನೂ ನೀರಿಗೇ ಹೋದವನು, ನಿನಗೆ ನೆನಪಿರಲಾರದು.

ಮಧ್ಯಾಹ್ನ ರೇಡಿಯೋ ಹಾಕಿದೆ. ಸದ್ದು ವಾಪಸು ಬಂದಿತ್ತು. ಗಾಳಿ ಜೋರಾಗಿತ್ತು, ಕರೆಯುವವನ ಗಟ್ಟಿ ದನಿಯೂ ಸೇರಿ ದಕ್ಷಿಣದ ಮೂರು ಹೆಸರಿನ ಜಾಗವೆಲ್ಲ ಕರಕರದಲ್ಲಿ ಮುಚ್ಚಿಹೋಗಿತ್ತು. ಅದರ ಮುಂದೆ ಕೂರುವುದು ಸುಲಭ. ಅಲ್ಲಿ ಯಾರೂ ಇಲ್ಲ ಎಂದು ಯಾರೂ ಹೇಳಲಾರರು. ನಾನು ಬರೆದದ್ದು ಸುಳ್ಳಲ್ಲ, ಸದ್ದು ಇತ್ತು. ಹಾಕಿದವನು ನಾನು.

ಈರುಳ್ಳಿಯದನ್ನು ಬರೆಯಬಾರದಿತ್ತು. ಕೈ ತಡೆಯಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ನಿನ್ನ ಕಾಗದ ಬಂದ ಮೇಲೆ ಮತ್ತೆ ಏಣಿ ಹತ್ತಿ ಕಂಡೆನ್ಸರ್ ಕೂರಿಸಿದೆ. ತಿಳಿಯಾಗಿದೆ. ಇವತ್ತಿನ ಹಾಜರಿ ಕೇಳಿ ಎದ್ದವನೇ ಬರೆಯುತ್ತಿದ್ದೇನೆ. ಅವನ ದೋಣಿಯನ್ನು ಕರೆಯುವುದಿಲ್ಲ. ಉಳಿದವರೆಲ್ಲ ಉತ್ತರ ಕೊಡುತ್ತಾರೆ.

ದೋನ್ ಸೆಗುಂದೊ ಭಾನುವಾರ ನನ್ನ ಪಕ್ಕದಲ್ಲೇ ಕೂರುತ್ತಾನೆ. ಏನೂ ಕೇಳುವುದಿಲ್ಲ. ಊರವರೂ ಕೇಳುವುದಿಲ್ಲ. ಮಾತು ನಿನ್ನದು. ಇನ್ನೂ ಕಾಯೋಣ ಎಂದರೆ ಕಾಯುತ್ತೇವೆ, ಯಾರೂ ತಪ್ಪು ಹೇಳರು. ಅವನ ಹೆಸರಿನಲ್ಲಿ ಪ್ರಾರ್ಥನೆ ಆಗಲಿ ಎಂದರೆ ಆಗುತ್ತದೆ. ಎರಡರಲ್ಲಿ ಯಾವುದು ಎಂದು ನಾನು ಹೇಳಲಾರೆ. ಹೇಳಬಲ್ಲೆ ಎಂದುಕೊಂಡಿದ್ದೆ.

ಬೆಲಾರ್ಮಿನೊ


ಪುಂತಾ ಅರೆನಾಸ್
31 ಜುಲೈ 1987

ಮಾವ,

ಕಾಗದ ತಲುಪಿತು. ಓದಿ ಏಪ್ರನ್ ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡಿದೆ. ಅವತ್ತು ಬೀನ್ಸ್ ಸಾರು. ಉಪ್ಪು ಸರಿಯಾಗಿತ್ತೆಂದು ಹುಡುಗರು ಹೇಳಿದರು.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಬರಬಹುದೆಂದು ಎರಡು ದಿನ ಕಾದೆ, ಬರಲಿಲ್ಲ. ಕಂಡೆನ್ಸರ್ ಕಿತ್ತದ್ದು ನಾನಾಗಿದ್ದರೆ ಮತ್ತೆ ಕೂರಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಪ್ರಾರ್ಥನೆ ಆಗಲಿ. ದೋನ್ ಸೆಗುಂದೊಗೆ ಹೇಳಿ, ನಾನು ಬಂದ ಮೇಲೆ ಶುರುಮಾಡಲಿ. ಕೆಲಸದಿಂದ ರಜೆ ಕೊಟ್ಟಿದ್ದಾರೆ, ಈ ಕಾಗದದ ಹಿಂದೆಯೇ ಬರುತ್ತೇನೆ. ಅವನ ಬದಲಿಗೆ ಮೇಜಿನ ಮೇಲೆ ಇಡಲು ಅವನು ಇಗರ್ಜಿಗೆ ಹಾಕುತ್ತಿದ್ದ ಕೋಟು ತರುತ್ತೇನೆ. ಒಗೆದಿಲ್ಲ, ಒಗೆಯಬೇಕೋ ಬೇಡವೋ ಅತ್ತೆಯನ್ನು ಕೇಳಬೇಕು. ಕೊನೆಯ ದಿನಕ್ಕೆ ನಿಮ್ಮದೇ ಕುರಿ ಕಡಿಯಿರಿ. ಬಂದವರಿಗೆಲ್ಲ ಬಡಿಸುವ ಕೆಲಸ ನನಗೆ ಬಿಡಿ. ನನ್ನನ್ನು ಒಳಗೆ ಒಂದು ಕುರ್ಚಿಯಲ್ಲಿ ಕೂರಿಸಿ ಕೈ ಹಿಡಿದುಕೊಳ್ಳಲು ಹೆಂಗಸರನ್ನು ಕಳಿಸಬೇಡಿ.

ದೋನ್ ಸೆಗುಂದೊ ಅವನ ಹೆಸರಿನ ಮುಂದೆ ‘ತೀರಿಹೋದ’ ಎಂದು ಸೇರಿಸಿ ಹೇಳಿಕೊಡುತ್ತಾನೆ, ನಾವೆಲ್ಲ ಹಿಂದಿನಿಂದ ಹೇಳಬೇಕು. ಊರವರ ಮುಂದೆ ನಾಲಿಗೆ ನಿಂತುಬಿಟ್ಟರೆ ಎಂದು ನಿನ್ನೆ ಅಡುಗೆಮನೆಯಲ್ಲಿ ಹೇಳಿ ನೋಡಿದೆ. ಒಲೆಯ ಮೇಲೆ ಹೊಗೆ ಎಳೆಯುವ ದೊಡ್ಡ ಫ್ಯಾನು ಓಡುತ್ತಿತ್ತು. ನನಗೇ ಕೇಳಿಸಲಿಲ್ಲ.

ಅದನ್ನು ಆರಿಸಿ ಇನ್ನೊಮ್ಮೆ ಹೇಳಿದೆ.

ನೋಲ್ಫಾ